ಗೂಟಕ್ಕೆ ಕಟ್ಟಿದ ಮನೆ

ಎಮ್ಮೆಯನ್ನು ಗೂಟಕ್ಕೆ ಕಟ್ಟುವವರು ಎಲ್ಲ ಊರಲ್ಲೂ ಇದ್ದಾರೆ. ಮನೆಯನ್ನು ಗೂಟಕ್ಕೆ ಕಟ್ಟಿದವಳು ನಮ್ಮೂರಿನಲ್ಲಿ ನಾನೊಬ್ಬಳೇ. ಅಂಗಳದಲ್ಲಿ ನಮ್ಮಪ್ಪ ನೆಟ್ಟ ಜಾಲಿಗೂಟಕ್ಕೂ ನನ್ನ ಬಾಗಿಲಿನ ಚೌಕಟ್ಟಿಗೆ ಬಡಿದ ಕಬ್ಬಿಣದ ಬಳೆಗೂ ನಡುವೆ, ಕಪಿಲೆ ಬಾವಿಯಲ್ಲಿ ಎತ್ತು ಹೂಡಿ ನೀರೆತ್ತುತ್ತಿದ್ದ ಕಾಲದ ಹಳೇ ಮಿಣಿಯೊಂದು ಎರಡು ವರ್ಷ ಹತ್ತು ತಿಂಗಳು ಬಿಗಿದುಕೊಂಡು ನಿಂತಿತ್ತು. ತೋಳಿನಷ್ಟು ದಪ್ಪದ ಹಗ್ಗ. ಬೆಳಿಗ್ಗೆ ಎದ್ದರೆ ಮೊದಲು ಅದರ ಮೇಲೆ ಕೈಯಿಟ್ಟು ನೋಡುತ್ತಿದ್ದೆ, ಆಮೇಲೆ ಮುಖ ತೊಳೆಯುತ್ತಿದ್ದೆ.

ನಮ್ಮೂರಿನ ಮನೆಗಳು ತಿರುಗುತ್ತವೆ. ಅದಕ್ಕೇ ಎಲ್ಲವೂ ಗುಂಡು ಮನೆಗಳು. ಹಿಂದೆ ಯಾರೋ ಹಟಕ್ಕೆ ಬಿದ್ದು ಚೌಕ ಮನೆ ಕಟ್ಟಿದ್ದರಂತೆ, ಅದರ ಮೂಲೆಗಳು ಅಕ್ಕಪಕ್ಕದವರ ಗೋಡೆಗೆ ತಾಗಿ ಒಂದೇ ವರ್ಷದಲ್ಲಿ ಸವೆದು ಅದೂ ಗುಂಡಾಯಿತಂತೆ. ಊರ ತಲೆಗೆ ಗುಡ್ಡ, ಕಾಲಿಗೆ ಕೆರೆ. ಸಾಲಿಗೆ ಹದಿನಾರು ಮನೆಯಂತೆ ಹದಿನಾರು ಸಾಲು. ಬಾಗಿಲು ಒಂದೋ ಗುಡ್ಡಕ್ಕೆ, ಇಲ್ಲವೋ ಕೆರೆಗೆ. ಪ್ರತಿ ಮನೆಯೂ ತನ್ನ ನಾಲ್ಕು ಮಗ್ಗುಲಿನ ಮನೆಗಳು ಎತ್ತ ನೋಡುತ್ತವೆಯೋ ಅತ್ತಲೇ ನೋಡಲು ಜಗ್ಗುತ್ತದೆ. ಚಳಿಗಾಲದಲ್ಲಿ ಊರಿಗೂರೇ ಒಂದು ಕಡೆ ಮುಖ ಮಾಡಿ ಅಲ್ಲಾಡದೆ ಕೂತಿರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಮನೆಗಳಿಗೆ ನೆರೆಯವರ ಹಂಗು ತಪ್ಪುತ್ತದೆ. ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಕೆರೆ, ಸಂಜೆಗೆ ಮತ್ತೆ ಗುಡ್ಡ. ಆ ಎರಡು ತಿಂಗಳು ನಾವು ಬಿಂದಿಗೆಯನ್ನು ಕಂಠದವರೆಗೆ ತುಂಬುವುದಿಲ್ಲ, ಮಜ್ಜಿಗೆ ಮಡಕೆಯನ್ನು ಸಿಂಬಿಯಿಲ್ಲದೆ ಇಡುವುದಿಲ್ಲ, ಮನೆಯ ಎರಡೂ ಕಡೆ ರಂಗೋಲಿ ಹಾಕುತ್ತೇವೆ. ಮದುವೆ ಮಾಡುವುದಿಲ್ಲ. ಸೇರು ಒದ್ದು ಒಳಗೆ ಬಂದ ಸೊಸೆ ನೀರು ಕುಡಿದು ಹೊರಗೆ ಬಂದರೆ, ಬಂದ ದಾರಿಯೇ ಇಲ್ಲದೆ ಅತ್ತ ಕತೆ ನಮ್ಮಲ್ಲಿದೆ. ಆಮೇಲೆ ಭರಣಿ ಮಳೆ ಬೀಳುತ್ತದೆ. ನೆಲ ತಣ್ಣಗಾಗುತ್ತದೆ. ಮನೆಗಳು ಒಂದನ್ನೊಂದು ನೋಡಿಕೊಂಡು ಯಾವುದಾದರೂ ಒಂದು ಕಡೆಗೆ ಒಪ್ಪುತ್ತವೆ, ಅದೇ ಆ ವರ್ಷದ ಮುಖ.

ಹದಿನೇಳು ವರ್ಷದಿಂದ ಊರಿನ ಮುಖ ಗುಡ್ಡದ ಕಡೆಗೇ ಬಿದ್ದಿತ್ತು. ಗುಡ್ಡದ ಬುಡದಲ್ಲಿ ರಸ್ತೆಯಾದ ವರ್ಷ ಹಿರಿಯರೆಲ್ಲ ಸೇರಿ, ಭರಣಿ ಮಳೆಯ ದಿನ ಪ್ರತಿ ಮನೆಗೂ ಒಂದೊಂದು ಕಲ್ಲು ಕಟ್ಟಿ ಮುಖವನ್ನು ಅತ್ತ ಎಳೆದಿದ್ದರು, ಅಂದಿನಿಂದ ಪ್ರತಿ ಭರಣಿಗೂ ಕಲ್ಲು ಕಟ್ಟುವುದು ಶಾಸ್ತ್ರವಾಯಿತು. ಆಮೇಲೆ ಯಾರೂ ಕೆರೆ ನೋಡಲಿಲ್ಲ, ಬಿಸಿಲುಗಾಲದಲ್ಲಿ ಬಾಗಿಲು ಅತ್ತ ಬಂದಾಗಲೂ ಝಳಕ್ಕೆ ಕದ ಹಾಕಿಕೊಂಡೇ ಇರುತ್ತಿದ್ದರು. ಬೆನ್ನ ಹಿಂದೆ ಇರುವುದಕ್ಕೆ ಏನನ್ನು ಬೇಕಾದರೂ ಎಸೆಯಬಹುದಲ್ಲ. ಒಡೆದ ಮಡಕೆ, ಹರಿದ ಚಾಪೆ, ಸತ್ತ ಕೋಳಿ, ಬೂದಿ, ಪ್ಲಾಸ್ಟಿಕ್ಕು, ಎಲ್ಲವೂ ಹಿತ್ತಿಲ ಕಡೆಯಿಂದ ಕೆರೆಯಂಗಳಕ್ಕೆ ಹೋದವು.

ನಾನು ನೀರುಗಂಟಿ. ತೂಬು ಎತ್ತಿ ಕೆಳಗಿನ ಗದ್ದೆಗಳಿಗೆ ನೀರು ಬಿಡುವುದು, ಏರಿ ಕಾಯುವುದು ನಮ್ಮ ಮನೆತನದ ಕೆಲಸ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ತೂಬಿನ ಕೀಲಿ ನನಗೆ ಬಂತು. ಊರು ಬೆನ್ನು ತಿರುಗಿಸಿದ ವರ್ಷಗಳಲ್ಲೂ ದಿನಕ್ಕೆ ನಾಲ್ಕು ಸಲ ಮನೆ ಸುತ್ತಿ ಏರಿ ಹತ್ತಿ ನೋಡಿ ಬರುತ್ತಿದ್ದೆ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ದಿನ ಜ್ವರ ಬಂದು ಮಲಗಿದೆ. ಆವತ್ತೇ ಏರಿಯಲ್ಲಿ ಏಡಿ ಕೊರೆದ ಬಿಲ ಬಾಯಿ ಬಿಟ್ಟಿತು. ಕೈ ತೂರುವಷ್ಟು ಸಣ್ಣದು. ಬಾಗಿಲು ಕೆರೆ ಕಡೆಗಿದ್ದಿದ್ದರೆ ಹಾಸಿಗೆಯಲ್ಲೇ ಮಲಗಿ ಕಾಣಬಹುದಿತ್ತು. ನಾನು ಗುಡ್ಡ ನೋಡುತ್ತಾ ಮಲಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಿಲ ಬಾಗಿಲಷ್ಟಾಗಿ, ಕೆಳಗಿನ ಒಂಬತ್ತು ಗದ್ದೆ ನೀರು ಪಾಲಾದವು. ಗದ್ದೆಯ ಬದುವಿನಲ್ಲಿ ಮೇಯಲು ಬಿಟ್ಟಿದ್ದ ನೆರೆಮನೆಯ ದುರುಗಮ್ಮನ ಎಮ್ಮೆ ಕಟ್ಟಿದಲ್ಲೇ ಮುಳುಗಿ ಸತ್ತಿತು. ಜ್ವರ ಬಿಟ್ಟ ದಿನ ನಾನು ಅಟ್ಟದಿಂದ ಮಿಣಿ ಇಳಿಸಿದೆ. ನೆಲ ಇನ್ನೂ ಹಸಿಯಾಗಿತ್ತು, ಮನೆ ಕದಲುವುದೇ ಇಲ್ಲ ಎಂದಿತು. ನಾಲ್ಕು ಜನ ಕೂಲಿಯವರನ್ನು ಕರೆದು, ಹನ್ನೊಂದು ದಿನ ಸನ್ನೆಕೋಲು ಹಾಕಿ, ಅಂಗುಲ ಅಂಗುಲವಾಗಿ ಬಾಗಿಲನ್ನು ಕೆರೆಗೆ ತಿರುಗಿಸಿ ಕಟ್ಟಿಹಾಕಿದೆ.

ಊರಿಗೆ ಎದುರಾಗಿ ನಿಂತ ಮನೆಯ ಸಂಕಟ ಮೊದಲು ಗೊತ್ತಾಗುವುದು ನೆರೆಯವರಿಗೆ. ನನ್ನ ಮನೆ ತನ್ನ ನಾಲ್ಕು ಮಗ್ಗುಲಿನ ಮನೆಗಳನ್ನು ಒಳಗೊಳಗೇ ಜಗ್ಗುತ್ತಿತ್ತು. ದುರುಗಮ್ಮನ ಕದ ಅರ್ಧಕ್ಕೆ ಕಚ್ಚಿಕೊಳ್ಳುತ್ತಿತ್ತು, ಒಲೆಯ ಹೊಗೆ ಹೊರಗೆ ಹೋಗದೆ ಮನೆಯಲ್ಲೇ ಸುತ್ತುತ್ತಿತ್ತು. ಅವಳು ದಿನಾ ಅಂಗಳಕ್ಕೆ ಬಂದು ಕಣ್ಣೊರೆಸಿಕೊಳ್ಳುತ್ತಾ ಬೈಯುತ್ತಿದ್ದಳು.

"ಅವತ್ತು ಕೆರೆ ನೋಡ್ಲಿಲ್ಲ ಅಂತ ನನ್ ಎಮ್ಮೆ ಕೊಂದೆ. ಇವತ್ತು ಕೆರೆ ನೋಡ್ತೀನಿ ಅಂತ ನನ್ನ ಕೊಲ್ತೀಯ. ನೀನು ಕಣ್ ಬಿಟ್ರೂ ಕಷ್ಟ, ಮುಚ್ಚಿದ್ರೂ ಕಷ್ಟ ಕಣೇ ಗಾದ್ರಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಹಗ್ಗ ಬಿಚ್ಚಲಿಲ್ಲ.

ಎರಡನೇ ವರ್ಷ ಕಳೆದ ಮೇಲೆ ಪಂಚಾಯಿತಿ ಸೇರಿತು. ಯಜಮಾನ ಓಬಳೇಶಪ್ಪ ಕೆಟ್ಟವನೇನಲ್ಲ. ತಾಯಿ ಬೋರಕ್ಕನನ್ನು ಅಂಗೈಯಲ್ಲಿಟ್ಟು ಸಾಕುವವನು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಹೆಗಲು ಕೊಡುವವನು. ಆದರೆ ಊರು ಒಂದೇ ಕಡೆ ನೋಡುತ್ತಿದ್ದರೆ ಅವನಿಗೆ ನೆಮ್ಮದಿ. ಕೆರೆಯಂಗಳಕ್ಕೆ ಮಣ್ಣು ತುಂಬಿಸಿ ಸಂತೆಮಾಳ ಮಾಡಬೇಕೆಂಬುದು ಅವನ ಬಹುದಿನದ ಆಸೆ. ಇನ್ನೂರೈವತ್ತೈದು ಮನೆ ಒಂದು ಕಡೆ, ನಿನ್ನದೊಂದು ಒಂದು ಕಡೆ, ತಪ್ಪು ಯಾರದು ನೀನೇ ಹೇಳು ಎಂದು ಕೇಳಿದ. ಎಣಿಸಿ ಹೇಳುವುದಾದರೆ ತಪ್ಪು ನನ್ನದೇ ಎಂದೆ. ಏರಿ ಒಡೆದ ದಿನ ಕೆರೆ ನೋಡುತ್ತಿದ್ದ ಬಾಗಿಲು ಎಷ್ಟೆಂದು ಎಣಿಸಿದವರು ಯಾರು ಎಂದೂ ಕೇಳಿದೆ. ಕೊನೆಗೆ ತೀರ್ಮಾನವಾಯಿತು. ಮುಂದಿನ ಭರಣಿ ಮಳೆಗೆ, ಕಲ್ಲು ಕಟ್ಟುವ ದಿನ, ಯಜಮಾನನೇ ಬಂದು ನನ್ನ ಮಿಣಿ ಕಡಿಯುವುದು. ಮನೆ ಗುಡ್ಡಕ್ಕೆ ತಿರುಗಿದ ಮೇಲೆ ತೂಬಿನ ಕೀಲಿ ಅವನಿಗೆ ಒಪ್ಪಿಸುವುದು. ತಿರುಗಿದ ಮೇಲೆ ತಾನೇ ಎಂದು ಕೇಳಿದೆ. ಎಲ್ಲರೂ ನಕ್ಕರು. ಹೌದು, ತಿರುಗಿದ ಮೇಲೆಯೇ ಎಂದ ಓಬಳೇಶಪ್ಪ.

ಮರುವರ್ಷ ಮಾಘದಲ್ಲಿ ವಾಗ್ದೇವಿ ಎಂಬ ಹುಡುಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಲೆಕ್ಕ ಮಾಡುವವಳು. ಊರಲ್ಲಿ ಬಾಡಿಗೆಗೆ ಮನೆ ಕೇಳಿದರೆ, ಎತ್ತ ಮುಖವಿದ್ದರೂ ಸರಿ ಎನ್ನುವವಳಿಗೆ ಗಾದ್ರಕ್ಕನ ಮನೆಯೇ ಸರಿ ಎಂದು ನನ್ನಲ್ಲಿಗೆ ಕಳಿಸಿದ್ದರು. ಅವಳು ದಿನವಿಡೀ ಓಣಿ ಸುತ್ತಿ ಯಾವ ಬಾಗಿಲು ಎತ್ತ ಎಂದು ಚೌಕುಳಿ ಕಾಗದದ ಮೇಲೆ ಚುಕ್ಕೆಯಿಡುತ್ತಿದ್ದಳು. ಮಧ್ಯಾಹ್ನ ನನ್ನ ಪಡಸಾಲೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಹದಿನಾರಕ್ಕೆ ಹದಿನಾರು ಮನೆ ಬರೆದು, ಗುಡ್ಡಕ್ಕೆ ಹುರುಳಿಕಾಳು, ಕೆರೆಗೆ ಅವರೆಕಾಳು ಇಟ್ಟಳು. ಚೀಟಿ ಎತ್ತಿದರೆ ಯಾವ ಮನೆ ಬರುತ್ತದೋ ಅದರ ನಾಲ್ಕು ಮಗ್ಗುಲು ನೋಡುವುದು, ಕವಡೆ ಬಿಡುವುದು, ಕಾಳು ಬದಲಿಸುವುದು. ಚಳಿಯ ಆಟದಲ್ಲಿ ಕವಡೆಯ ಮಾತು ನಡೆಯುವುದಿಲ್ಲ, ನೆರೆಯವರ ಮಾತೇ ನಡೆಯುವುದು. ಬಿಸಿಲಿನ ಆಟದಲ್ಲಿ ಕವಡೆಯದೇ ಕಾರುಬಾರು. ಚೌಕಾಬಾರ ಆಡಿದ ಕೈ ನನ್ನದು, ಎರಡು ದಿನಕ್ಕೆ ಕಲಿತೆ. ಯಂತ್ರದಲ್ಲಿ ಇದನ್ನೇ ಲಕ್ಷ ಸಲ ಆಡಿಸುತ್ತಾರಂತೆ. ಕಬ್ಬಿಣದ ಚೂರು ಅಯಸ್ಕಾಂತವಾಗುವುದೂ ಹೀಗೇ, ಒಳಗಿನ ಕಣಗಳೆಲ್ಲ ಒಂದು ಕಡೆ ಮುಖ ಮಾಡುವುದರಿಂದ ಎಂದಳು. ಅಲ್ಲಿ ಯಾರ ಎಮ್ಮೆಯೂ ಸಾಯುವುದಿಲ್ಲವಲ್ಲ ಎಂದೆ. ಅವಳು ನಗಲಿಲ್ಲ, ಬರೆದುಕೊಂಡಳು.

ಒಂದು ದಿನ ಅವಳನ್ನು ಕೂರಿಸಿಕೊಂಡು ಕೇಳಿದೆ. ನನ್ನ ಮನೆಯ ಕಾಳನ್ನು ಅಂಟು ಹಾಕಿ ಅವರೆಯಾಗಿಯೇ ಇಟ್ಟರೆ ಮಿಕ್ಕ ಊರು ಏನಾಗುತ್ತದೆ? ಅವಳು ನಾಲ್ಕು ದಿನ ಲೆಕ್ಕ ಮಾಡಿ ಆಮೇಲೆ ಬಂದಳು.

"ಚಳಿಯಲ್ಲಿ ನಿಮ್ಮ ಮನೆ ಮಾತು ಪಕ್ಕದ ಮನೆ ದಾಟಲ್ಲ, ಗಾದ್ರಕ್ಕ. ಬಿಸಿಲಲ್ಲಿ ಯಾರ ಮಾತೂ ಯಾರೂ ಕೇಳಲ್ಲ. ಎರಡರ ನಡುವೆ ಒಂದು ಸಣ್ಣ ಸಂದು ಇದೆ. ಆಗ ಈ ಮೂಲೇಲಿ ಆಡಿದ ಮಾತು ಆ ಮೂಲೆಗೆ ಮುಟ್ಟತ್ತೆ."

"ಆ ಸಂದಲ್ಲಿ ಹಿಡಕೊಂಡ್ರೆ?"

"ನೂರಕ್ಕೆ ಐವತ್ತೆಂಟು ಸಲ ಊರು ನಿಮ್ಮ ಕಡೆ ಬರತ್ತೆ. ನಲವತ್ತೆರಡು ಸಲ ಬರಲ್ಲ."

"ಐವತ್ತೆಂಟು ಸಾಕು ಬಿಡವ್ವಾ. ನಮ್ಮಪ್ಪ ಅದಕ್ಕಿಂತ ಕಮ್ಮಿ ನಂಬ್ಕೊಂಡು ಭತ್ತ ಬಿತ್ತವ್ನೆ."

ಅವಳು ಇಲ್ಲವೆಂದು ತಲೆಯಾಡಿಸಿದಳು. ಅದು ಕಲ್ಲು ಕಟ್ಟದಿದ್ದರೆ ಮಾತ್ರ. ಇನ್ನೂರೈವತ್ತೈದು ಮನೆ ಗುಡ್ಡದ ಕಡೆಗೆ ಕಲ್ಲು ತೂಗುಹಾಕಿದರೆ, ಕಲ್ಲು ಪಾವಿನಷ್ಟಿದ್ದರೂ ಎಲ್ಲ ಸೇರಿ ನಿಮ್ಮ ಮಿಣಿಯನ್ನು ಗೆಲ್ಲುತ್ತವೆ ಎಂದಳು. ಆ ಸಂದು ಯಾವ ದಿನ ಬರುತ್ತದೆಂದು ತನ್ನ ಲೆಕ್ಕ ಹೇಳುವುದಿಲ್ಲ ಎಂದಳು. ದಿನದ ಮಾತು ನನಗೆ ಬಿಡು ಎಂದೆ.

ಕಲ್ಲಿನ ಮಾತಿಗೆ ಉತ್ತರ ಕೊಟ್ಟವನು ಓಬಳೇಶಪ್ಪನೇ. ಬಿಸಿಲುಗಾಲದ ಕೊನೆಯ ಪಂಚಾಯಿತಿಯಲ್ಲಿ ಅವನು, ಈಚೀಚೆಗೆ ಜನ ಅರಿಸಿನದ ಬಟ್ಟೆಯಲ್ಲಿ ಗೋಲಿಯಷ್ಟು ಕಲ್ಲು ಸುತ್ತಿ ಶಾಸ್ತ್ರ ಮುಗಿಸುತ್ತಿದ್ದಾರೆ, ಈ ವರ್ಷ ಹಾಗಾಗಬಾರದು, ಮೊದಲಿನ ಹಾಗೆ ಇಬ್ಬರು ಹೊರುವಂಥ ಕಲ್ಲೇ ಆಗಬೇಕು ಎಂದು ಅಪ್ಪಣೆ ಮಾಡಿದ. ಒಂದು ಮಾತು ಕೇಳಿಬಿಡೋಣ ಎನಿಸಿ ಎದ್ದು ನಿಂತು, ಕಲ್ಲನ್ನು ಎಲ್ಲಿಗೆ ಕಟ್ಟುವುದು ಎಂದು ಕೇಳಿದೆ.

"ಎಲ್ಲಿಗೆ ಅಂದ್ರೆ? ಬಾಗ್ಲಿಗೆ. ಬಾಗಿಲ ನೆತ್ತಿಗೆ. ನಮ್ಮಪ್ಪನ ಕಾಲದಿಂದ ಕಟ್ತಿರೋದು ಅಲ್ಲಿಗೇ ಅಲ್ವಾ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಅವನ ಅಪ್ಪನ ಕಾಲದಲ್ಲಿ ಕಲ್ಲು ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡವಳು. ಆವತ್ತು ಬಾಗಿಲು ಎತ್ತಲೇ ಇರಲಿ, ಕಲ್ಲನ್ನು ಗುಡ್ಡದ ಮಗ್ಗುಲಿನ ಸೂರಿಗೇ ನೇತುಹಾಕಿದ್ದರು. ಮನೆ ತಿರುಗಿದಂತೆಲ್ಲ ಮತ್ತೆ ಬಿಚ್ಚಿ ಅದೇ ಮಗ್ಗುಲಿಗೆ ಕಟ್ಟಿ, ಬಾಗಿಲು ಕಲ್ಲಿನ ಕೆಳಗೆ ಬಂದು ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ಹದಿನೇಳು ವರ್ಷ ಮಳೆ ಚಳಿಯಲ್ಲೆಲ್ಲ ಬಾಗಿಲೂ ಗುಡ್ಡವೂ ಒಂದೇ ಕಡೆ ಇದ್ದು, ಕಲ್ಲು ಬಾಗಿಲಿನದು ಎಂದಾಯಿತು. ಬಾಗಿಲಿಗೆ ಕಟ್ಟಿದ ಕಲ್ಲು ಮನೆಯನ್ನು ಗುಡ್ಡಕ್ಕೆ ಎಳೆಯುವುದಿಲ್ಲ. ಎತ್ತ ಇದೆಯೋ ಅತ್ತಲೇ ಊರಿ ನಿಲ್ಲಿಸುತ್ತದೆ. ಹೇಳಬೇಕೆಂದು ಬಾಯಿಗೆ ಬಂತು. ಎದುರು ಕೂತಿದ್ದ ಜನರ ಮುಖ ನೋಡಿದೆ. ನಾನು ಹೇಳಿದ ಯಾವ ಮಾತನ್ನು ಅವರು ಇದುವರೆಗೆ ಕೇಳಿದ್ದರು? ಆಗಲಿ ಯಜಮಾನ, ಬಾಗಿಲಿಗೇ ಕಟ್ಟಿ ಎಂದು ಕೂತೆ.

ಮನೆಗೆ ಬಂದು ವಾಗ್ದೇವಿಗೆ ಹೇಳಿದೆ. ಅವಳು ನೆಲದ ಕಾಳುಗಳನ್ನು ಬದಲಿಸಿ ಇಟ್ಟು ನೋಡಿದಳು. ಹಾಗಾದರೆ ಕಲ್ಲು ಕಟ್ಟುವ ಗಳಿಗೆಯಲ್ಲಿ ಯಾವ ಕಡೆ ಬಾಗಿಲು ಹೆಚ್ಚಿದೆಯೋ ಆ ಕಡೆಗೇ ಊರು ಎಂದಳು. ಅಷ್ಟೇ ಅಲ್ಲವಾ ಎಂದೆ.

ಮಿಣಿ ದಿನ ಹೇಳಿತು. ಚಳಿಯಲ್ಲಿ ಅದು ವೀಣೆಯ ತಂತಿಯ ಹಾಗೆ ಬಿಗಿದಿರುತ್ತಿತ್ತು. ಬಿಸಿಲಲ್ಲಿ ಪಟಪಟ ಅದುರುತ್ತಿತ್ತು, ಒಂದು ಕೈ ತುತ್ತು ಉಣ್ಣುವಷ್ಟರಲ್ಲಿ ಹತ್ತು ಸಲ ಬಿಗಿದು ಹತ್ತು ಸಲ ಸಡಿಲ. ಭರಣಿ ಹುಟ್ಟಿದ ನಾಲ್ಕನೇ ದಿನ ಪಡುವಣಕ್ಕೆ ಮೋಡ ಕಟ್ಟಿ ಗಾಳಿ ತಣ್ಣಗಾದಾಗ ಅದುರುವುದು ನಿಂತಿತು. ಹಗ್ಗ ಮೆಲ್ಲಗೆ ಬಿಗಿಯತೊಡಗಿತು. ಹಿಟ್ಟು ಕಲಸಿ, ಮುದ್ದೆ ಕಟ್ಟಿ, ಉಂಡು ಕೈ ತೊಳೆದರೂ ಬಿಗಿಯುತ್ತಲೇ ಇತ್ತು. ಆಮೇಲೆ ಅಷ್ಟೇ ನಿಧಾನವಾಗಿ ಸಡಿಲವಾಯಿತು. ಹೊರಗೆ ನೋಡಿದರೆ ಊರೇ ಹಾಗಿತ್ತು. ಇಲ್ಲಿ ಒಂದೇ ಮನೆ, ಅಲ್ಲಿ ಐದು, ಆಚೆ ಮೂವತ್ತು, ಗುಂಪು ಗುಂಪಾಗಿ, ಬಸುರಿಯರು ಮಗ್ಗುಲು ಬದಲಿಸುವ ಹಾಗೆ ತಿರುಗುತ್ತಿದ್ದವು. ವಾಗ್ದೇವಿ ಕಾಗದ ಹಿಡಿದು ಓಡಿಬಂದಳು, ಎಲ್ಲ ಗಾತ್ರದ ಗುಂಪೂ ಇವೆ ಗಾದ್ರಕ್ಕ, ಇದೇ ಅದು ಎಂದಳು. ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಮಿಣಿ ಸಡಿಲಾದಾಗಲೆಲ್ಲ ಗೂಟಕ್ಕೆ ಇನ್ನೊಂದು ಸುತ್ತು ಹಾಕುತ್ತಾ ಬಂದೆ. ಅಂಗೈ ಕಿತ್ತುಹೋಯಿತು. ಎಡಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಸಂಜೆಗೆ ಮುಂಚೆ ದುರುಗಮ್ಮನ ಮನೆ ನರಳಿತು. ಕಚ್ಚಿಕೊಂಡಿದ್ದ ಕದ ಬಿಟ್ಟುಕೊಂಡಿತು. ಮನೆ ಬೀಸೋಕಲ್ಲಿನ ಹಾಗೆ ತಿರುಗಿ ತಿರುಗಿ ಕೆರೆಗೆ ಬಂದು ನಿಂತಿತು. ಅವಳು ಹೊಸ್ತಿಲ ಮೇಲೆ ನಿಂತಿದ್ದಳು. ಹದಿನೇಳು ವರ್ಷದ ಮೇಲೆ ತನ್ನ ಬಾಗಿಲಿನಿಂದ ಕೆರೆಯನ್ನು ಕಣ್ಣಿಟ್ಟು ನೋಡಿದಳು. ನೀರು ಸ್ವಲ್ಪವೇ ಇತ್ತು, ಅದರ ಸುತ್ತ ಊರಿನವರೆಲ್ಲ ಎಸೆದದ್ದು ಇತ್ತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅವಳ ಒಲೆಯ ಹೊಗೆ ಅಂದು ನೆಟ್ಟಗೆ ಹೊರಗೆ ಹೋಗುತ್ತಿತ್ತು.

ಬೆಳಿಗ್ಗೆ ಮೊದಲ ಹನಿ ಬಿತ್ತು. ತಮಟೆ ಬಡಿದರು. ಹೊತ್ತು ಮಾರುದ್ದ ಏರುವಷ್ಟರಲ್ಲಿ ಊರಿನವರೆಲ್ಲ ಕಲ್ಲು ಕಟ್ಟಬೇಕು. ಇಬ್ಬಿಬ್ಬರು ಸೇರಿ ಕಲ್ಲು ಎತ್ತಿ ತಮ್ಮ ತಮ್ಮ ಬಾಗಿಲ ನೆತ್ತಿಗೆ ನೇತುಹಾಕತೊಡಗಿದರು. ಬಾಗಿಲು ಕೆರೆಗೆ ಇದ್ದವರೂ ಅಲ್ಲಿಯೇ ಕಟ್ಟಿದರು. ಕಲ್ಲು ಬಿದ್ದ ಮೇಲೆ ತಾನಾಗಿಯೇ ಗುಡ್ಡಕ್ಕೆ ಹೋಗುತ್ತದೆ ಎಂಬ ಧೈರ್ಯ. ದುರುಗಮ್ಮ ಕಲ್ಲಿನ ಪಕ್ಕ ನಿಂತು ನನ್ನ ಕಡೆ ನೋಡಿದಳು.

"ಎಲ್ಲಿಗೆ ಕಟ್ಟಾನೇ?"

"ಬಾಗ್ಲಿಗೆ ಅಂದವ್ನಲ್ಲ ಯಜಮಾನ."

ಅವಳೂ ಆ ಹಳೇ ಕಲ್ಲುಗಳನ್ನು ಕಂಡವಳೇ, ನನಗಿಂತ ಎರಡು ವರ್ಷ ದೊಡ್ಡವಳು. ಒಂದು ಸಲ ಗುಡ್ಡದ ಕಡೆಯ ಸೂರಿನತ್ತ, ಒಂದು ಸಲ ಕೆರೆಯತ್ತ ನೋಡಿದಳು. ಆಮೇಲೆ ಬಾಗಿಲ ನೆತ್ತಿಗೇ ಕಟ್ಟಿಸಿದಳು, ಎರಡು ಗಂಟು ಹಾಕಿಸಿ.

ಓಬಳೇಶಪ್ಪ ಬಂದಾಗ ಮಳೆ ಸಣ್ಣಗೆ ಹಿಡಿದಿತ್ತು. ಹಿಂದೆ ಹತ್ತು ಹದಿನೈದು ಜನ. ಕೈಯಲ್ಲಿ ಮಚ್ಚು. ಬರುವ ದಾರಿಯಲ್ಲಿ ಬಾಗಿಲುಗಳನ್ನು ನೋಡಿಯೇ ಬಂದಿದ್ದ, ಆದರೆ ಹೊಸ ಮಳೆಯ ದಿನ ಬಾಗಿಲುಗಳು ಅತ್ತಿತ್ತ ಇರುವುದು ಯಾವಾಗಲೂ ಇದ್ದದ್ದೇ. ಅವನು ನನಗೆ ಕೈ ಮುಗಿದ. ನಾನೂ ಮುಗಿದೆ. ತೂಬಿನ ಕೀಲಿ ಸೊಂಟದಲ್ಲಿತ್ತು.

"ಹಟ ಸಾಕು ಗಾದ್ರಕ್ಕ. ನೀನೇ ಬಿಚ್ಚಿದ್ರೆ ನಿನ್ ಮರ್ಯಾದೆ ನಿನಗೆ ಉಳೀತದೆ."

"ನಾನು ಕಟ್ಟಿದ್ದು. ನಾನು ಬಿಚ್ಚಲ್ಲ. ನೀನು ಕಡಿಯೋಕೆ ಬಂದವ್ನು, ಕಡಿ."

ಐವತ್ತೆಂಟು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ವಾಗ್ದೇವಿ ಗೋಡೆಗೆ ಒರಗಿ ನಿಂತಿದ್ದಳು, ಅವಳ ಕೈಯ ಕಾಗದ ಮಳೆಗೆ ನೆನೆಯುತ್ತಿತ್ತು. ಮಿಣಿ ಹಳೆಯದು, ನಾರು ಗಟ್ಟಿ. ಓಬಳೇಶಪ್ಪನಿಗೆ ಏಳು ಏಟು ಬೇಕಾದವು. ಏಳನೆಯದಕ್ಕೆ ಹಗ್ಗ ತುಂಡಾಗಿ ಅರ್ಧ ಗೂಟದ ಬುಡದಲ್ಲಿ, ಅರ್ಧ ಹೊಸ್ತಿಲ ಮುಂದೆ ಬಿತ್ತು. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು, ಮನೆ ತಿರುಗುವಾಗ ಬಡಿದೀತೆಂದು.

ಮನೆ ನಿಂತಿತ್ತು. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಮಳೆ ಸೂರಿನಿಂದ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ದುರುಗಮ್ಮ ತನ್ನ ಹೊಸ್ತಿಲಿನಿಂದಲೇ ಹೇಳಿದಳು, "ಇನ್ನೊಂದ್ ಸಲ ಕಡಿ ಯಜಮಾನ. ಸರಿಯಾಗಿ ಬಿದ್ದಿಲ್ವೇನೋ."

ಯಾರೋ ನಕ್ಕರು. ಓಬಳೇಶಪ್ಪ ಮಚ್ಚು ಕೆಳಗಿಟ್ಟು ಆಗ ತಲೆಯೆತ್ತಿ ನೋಡಿದ. ನನ್ನ ನಾಲ್ಕು ಮಗ್ಗುಲಿನ ಮನೆಗಳೂ ಕೆರೆ ನೋಡುತ್ತಿದ್ದವು. ಅವುಗಳ ಆಚೆಯವೂ. ಒಂದೊಂದರ ಬಾಗಿಲ ನೆತ್ತಿಯಲ್ಲೂ ಅವನು ಹೇಳಿ ಕಟ್ಟಿಸಿದ ಕಲ್ಲು ತೂಗುತ್ತಿತ್ತು. ಗುಡ್ಡಕ್ಕೆ ಮುಖವಿದ್ದ ಮೇಲಿನ ಸಾಲುಗಳು ಅಂಚಿನಿಂದ ಒಂದೊಂದಾಗಿ, ಕಲ್ಲಿನ ಭಾರದೊಂದಿಗೇ ಗೊಣಗುತ್ತಾ ತಿರುಗತೊಡಗಿದ್ದವು. ಅವನು ಮಚ್ಚು ಎತ್ತಿಕೊಂಡು ಬಂದ ದಾರಿ ಹಿಡಿದ. ಕೀಲಿ ಕೇಳಲಿಲ್ಲ. ತಿರುಗಿದ ಮೇಲೆ ಎಂದು ಅವನೇ ಹೇಳಿದ್ದನಲ್ಲ.

ಮೂರು ದಿನಕ್ಕೆ ಊರಿನ ಮುಖ ಕೆರೆಗೆ ಬಂತು. ಜನ ಹೊಸ್ತಿಲ ಮೇಲೆ ನಿಂತು ಮೂಗು ಮುಚ್ಚಿಕೊಂಡರು. ಇದನ್ನೆಲ್ಲ ಎಸೆದವರು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ತಮ್ಮ ಚಾಪೆ, ತಮ್ಮ ಮಡಕೆಯ ಕಂಠ ಗುರುತು ಹತ್ತಿದವರು ಒಳಗೆ ಸರಿದರು. ಸಂತೆಮಾಳದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಕೆರೆ ಶುದ್ಧವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಎಸೆಯಲು ಬಂದವರು ಈಗ ಎದುರು ಬಾಗಿಲಿನಿಂದ ಇಳಿದು, ಇನ್ನೂರು ಬಾಗಿಲ ಕಣ್ಣ ಮುಂದೆ ಹೋಗಬೇಕು.

ವಾಗ್ದೇವಿ ಹೊರಡುವ ದಿನ ಓಬಳೇಶಪ್ಪ ಒಬ್ಬನೇ ಬಂದ. ಕೂತ, ನೀರು ಕುಡಿದ, ಮಳೆಯ ಮಾತಾಡಿದ. ಆಮೇಲೆ ಬಂದ ಕೆಲಸ ಹೇಳಿದ. ಬೋರಕ್ಕನಿಗೆ ಕಾಲು ಬಿದ್ದು ಆರು ವರ್ಷ. ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತು ಗುಡ್ಡದ ಮೇಲಿನ ಗುಡಿಗೆ ಕೈ ಮುಗಿಯದೆ ಆಕೆ ಗಂಜಿ ಕುಡಿದವಳಲ್ಲ. ಈಗ ಏಳು ದಿನದಿಂದ ಕೆರೆ ನೋಡಿಕೊಂಡು ಅಳುತ್ತಾಳೆ. ಮನೆಗೆ ಸನ್ನೆಕೋಲು ಹಾಕಿ ಎರಡು ಸಲ ಗುಡ್ಡಕ್ಕೆ ತಿರುಗಿಸಿದೆ, ಎರಡು ಸಲವೂ ಹಗ್ಗ ಹರಿದುಕೊಂಡು ಕೆರೆಗೆ ಬಂತು ಎಂದ. ಗೂಟ ಹೇಗೆ ನೆಟ್ಟಿದ್ದೀಯ, ಗಂಟು ಯಾವುದು ಎಂದು ನೆಲ ನೋಡುತ್ತಾ ಕೇಳಿದ.

ಊರೆಲ್ಲ ಕೆರೆ ನೋಡುವಾಗ ಅವನ ಮನೆ ಗುಡ್ಡ ನೋಡಿದರೆ ಅವನ ನೆರೆಯವರ ಕದ ಕಚ್ಚಿಕೊಳ್ಳುತ್ತದೆ. ಪಂಚಾಯಿತಿ ಸೇರುತ್ತದೆ. ಅದೆಲ್ಲ ಅವನಿಗೆ ಗೊತ್ತಿತ್ತು. ಕಡಿದ ಮಿಣಿಯ ಎರಡು ತುಂಡನ್ನೂ ಅಟ್ಟದಿಂದ ಇಳಿಸಿ ಅವನ ಹೆಗಲಿಗೆ ಹಾಕಿದೆ. ಸನ್ನೆಕೋಲು ನಾನು ಎತ್ತಿಕೊಂಡೆ.

"ನಡಿ. ಗೂಟಾನ ಮೊಳಕಾಲುದ್ದ ನೆಟ್ರೆ ನಿಲ್ಲಲ್ಲ, ಸೊಂಟದ ಮಟ್ಟ ಗುಂಡಿ ತೆಗೀಬೇಕು. ಯಾರು ಬಂದು ಬಿಚ್ಚು ಅಂದ್ರೂ ಬಿಚ್ಚಬ್ಯಾಡ. ನಾನು ಬಂದು ಅಂದ್ರೂ."